ಕೊಕ್ಕರೆಗಳು ಸೋಲುವ ತನಕ

ಆ ಟೀಮು ಸೋಲಲಿ ಎಂದು ಮುಂಬಯಿಯ ಇಡೀ ಸಾಂತಾಕ್ರೂಜಿನಲ್ಲಿ ಬಯಸುತ್ತಿದ್ದವಳು ನಾನೊಬ್ಬಳೇ. ಬಾಕಿಯವರಲ್ಲಿ ಹೆಚ್ಚಿನವರಿಗೆ ಅಂಥದೊಂದು ಟೀಮು ಇದೆಯೆಂದೇ ಗೊತ್ತಿರಲಿಲ್ಲ. ಗೊತ್ತಿದ್ದ ಕೆಲವರು ನಮ್ಮ ಹೋಟೆಲಿನಲ್ಲಿ ಕೂತು ಇಡ್ಲಿ ಮುರಿಯುತ್ತ ಅದು ಗೆಲ್ಲಲಿ ಎಂದು ಕೂಗುತ್ತಿದ್ದರು.

ಟೀಮಿನ ಹೆಸರು ಆಲ್ಡರ್ ಫಾಲ್ಸ್ ಹೆರನ್ಸ್. ಕೆನಡಾದ ಪಶ್ಚಿಮದ ಅಂಚಿನಲ್ಲಿರುವ ಒಂದು ಸಣ್ಣ ಊರಿನ ಐಸ್ ಹಾಕಿ ತಂಡ. ಅಂಗಿಯ ಮೇಲೆ ಒಂಟಿಕಾಲಿನಲ್ಲಿ ನಿಂತ ಕೊಕ್ಕರೆಯ ಚಿತ್ರವಿದ್ದುದರಿಂದ ನಮ್ಮ ಗಿರಾಕಿಗಳ ಬಾಯಲ್ಲಿ ಅದು ‘ಕೊಕ್ಕರೆ ಟೀಮು’ ಆಯಿತು. ಆ ಟೀಮಿಗೆ ಅಡುಗೆ ಮಾಡಿ ಹಾಕುವವರು ನನ್ನ ಗಂಡ ಸುಕೇಶ್. ಟೀಮು ಗೆಲ್ಲುತ್ತ ಹೋದಷ್ಟು ದಿನ ಅವರಿಗೆ ರಜೆಯಿಲ್ಲ. ಸೋತು ಹೊರಬಿದ್ದ ಮರುದಿನವೇ ರಜೆ. ನಾನು ಯಾಕೆ ಸೋಲು ಬಯಸಿದೆ ಎಂದು ಇನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸುಕೇಶ್ ಅಲ್ಲಿಗೆ ಹೋದದ್ದು ಆಸೆಪಟ್ಟು ಅಲ್ಲ. ನಮ್ಮ ಹೋಟೆಲಿದ್ದ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಯಿತು. ಬಿಲ್ಡರನು ಹೊಸದು ಕಟ್ಟಿ ಮುಗಿಸುವವರೆಗೆ ಇರಲಿ ಎಂದು ಸ್ಟೇಷನ್ನಿನ ಹಿಂದೆ ಅರ್ಧ ಗಾಳಾ ಕೊಟ್ಟ. ಅಷ್ಟು ಸಣ್ಣ ಅಂಗಡಿಯಲ್ಲಿ ನಾಲ್ಕು ಮೇಜು ಹಾಕಿದರೆ ಐದನೆಯದಕ್ಕೆ ಜಾಗವಿಲ್ಲ. ಅತ್ತೆ ಮೋಹಿನಿ ಗಲ್ಲೆಯಲ್ಲಿ, ನಾನು ಒಳಗೆ, ಒಬ್ಬ ಸಪ್ಲಾಯರ್. ಸುಕೇಶರಿಗೆ ಮಾಡಲು ಕೆಲಸವೇ ಉಳಿಯಲಿಲ್ಲ. ಆಗ ಮಂಗಳೂರಿನವರೊಬ್ಬರು ತಮ್ಮ ಕ್ಯಾಂಟೀನಿಗೆ ಕರೆದರು, ಆ ಊರಿನ ಹಾಕಿ ಸ್ಟೇಡಿಯಮ್ಮಿನಲ್ಲಿ ಆಲೂಗಡ್ಡೆ ಕರಿದು ಕೊಡುವ ಕೆಲಸ. ಮದುವೆಯಾಗಿ ನಮಗಿನ್ನೂ ವರ್ಷ ತುಂಬಿರಲಿಲ್ಲ. ಎರಡು ವರ್ಷ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೋಗುತ್ತದೆ ಎಂದು ಎಲ್ಲರೂ ಹೇಳಿದರು. ಹಾಗೆ ಹೇಳಿದವರೆಲ್ಲ ರಾತ್ರಿ ಗಂಡ ಹೆಂಡತಿ ಒಂದೇ ಕೋಣೆಯಲ್ಲಿ ಮಲಗುವವರು.

ಅವರು ಆಲೂಗಡ್ಡೆ ಕರಿದುಕೊಂಡೇ ಇದ್ದಿದ್ದರೆ ಯಾವ ತಂಟೆಯೂ ಇರುತ್ತಿರಲಿಲ್ಲ. ಎರಡನೆಯ ಚಳಿಗಾಲದಲ್ಲಿ ಟೀಮಿನ ಗೋಲಿಗೆ, ಎಂದರೆ ಗೋಲು ಕಾಯುವವನಿಗೆ, ಹೊಟ್ಟೆ ಕೆಟ್ಟಿತು. ಮ್ಯಾಚಿನ ದಿನ ಮಧ್ಯಾಹ್ನ ಏನೂ ಸೇರದೆ ಕ್ಯಾಂಟೀನಿನ ಮೂಲೆಯಲ್ಲಿ ಕೂತಿದ್ದ ಅವನಿಗೆ ಸುಕೇಶ್ ತಮಗೆಂದು ಮಾಡಿಕೊಂಡಿದ್ದ ನೀರುದೋಸೆ ಕೊಟ್ಟರು. ಅವನು ಅದಕ್ಕೆ ಸಕ್ಕರೆಪಾಕ ಸುರಿದುಕೊಂಡು ತಿಂದ. ಆ ಸಂಜೆ ಒಂದು ಗೋಲನ್ನೂ ಬಿಡಲಿಲ್ಲ. ಮುಂದಿನ ಮ್ಯಾಚಿಗೆ ಅವನೇ ಕೇಳಿಕೊಂಡು ಬಂದ, ಮತ್ತೆ ಗೆದ್ದರು. ಮೂರನೆಯ ಸಲ ಇಡೀ ಟೀಮು ತಟ್ಟೆ ಹಿಡಿದು ನಿಂತಿತು.

ಆ ಆಟಗಾರರಷ್ಟು ಶಕುನ ನೋಡುವವರನ್ನು ನಾನು ಎಲ್ಲಿಯೂ ಕಂಡಿಲ್ಲ. ಒಬ್ಬ ಎಡಗಾಲಿನ ಬೂಟನ್ನೇ ಮೊದಲು ಹಾಕಬೇಕು. ಇನ್ನೊಬ್ಬ ಬಾಗಿಲಿನ ಪಟ್ಟಿ ತುಳಿಯುವುದಿಲ್ಲ. ಗೆದ್ದ ದಿನ ಹೇಗಿತ್ತೋ ಮುಂದಿನ ಸಲ ಎಲ್ಲವೂ ಹಾಗೆಯೇ ಇರಬೇಕು, ಅದೇ ಕಾವಲಿ, ಅದೇ ಸಟ್ಟುಗ, ಬಡಿಸುವವನೂ ಅದೇ ಮನುಷ್ಯ. ಕೊನೆಯ ಸ್ಥಾನದಲ್ಲಿದ್ದ ಟೀಮು ಮೇಲೇರತೊಡಗಿತು. ಮ್ಯಾನೇಜರನು ಸುಕೇಶರನ್ನು ಕ್ಯಾಂಟೀನಿನಿಂದ ಎಬ್ಬಿಸಿ ಟೀಮಿನ ಅಡುಗೆಮನೆಗೆ ಹಾಕಿದ. ಏಪ್ರಿಲ್ ಮೊದಲ ವಾರಕ್ಕೆ ಟಿಕೇಟು ಆಗಿತ್ತು. ಮಾರ್ಚ್ ಕೊನೆಗೆ ಟೀಮು ಹೇಗೋ ತೆವಳಿಕೊಂಡು ಸೀಸನ್ನಿನ ಕೊನೆಯ ಹಂತವಾದ ಪ್ಲೇಆಫ್ ಹೊಕ್ಕಿತು, ಟಿಕೇಟು ರದ್ದಾಯಿತು.

“ಇನ್ನು ಸ್ವಲ್ಪ ದಿನ ಮಾರಾಯ್ತಿ,” ಎಂದರು ಫೋನಿನಲ್ಲಿ. “ಮೊದಲ ಸುತ್ತಲ್ಲೇ ಹೋಗ್ತಾರೆ ಇವರು. ಎದುರು ಟೀಮು ಭಾರೀ ಜೋರುಂಟು.”

ಸಂತೋಷದ ಸುದ್ದಿ ಹೇಳುವವರ ಧ್ವನಿಯಲ್ಲ ಅದು.

ಅಲ್ಲಿಯ ಸಂಜೆ ನಮಗೆ ಬೆಳಗಿನ ತಿಂಡಿಯ ಹೊತ್ತು. ಮ್ಯಾಚು ನೋಡಲು ಅವರು ಕೊಟ್ಟಿದ್ದ ಪಾಸ್‌ವರ್ಡ್ ಹಾಕಿ ಹೋಟೆಲಿನ ಟಿವಿಯಲ್ಲಿ ಹಚ್ಚುತ್ತಿದ್ದೆ. ಮೊದಮೊದಲು ಗಿರಾಕಿಗಳು ನಕ್ಕರು. ಆಮೇಲೆ, ತಿಂಡಿ ಮುಗಿದರೂ ಏಳದಾದರು. ರಬ್ಬರಿನ ಕರಿ ಬಿಲ್ಲೆಯ ಹಿಂದೆ ಹನ್ನೆರಡು ಜನ ಹಿಮದ ಮೇಲೆ ಜಾರುತ್ತ ಬಡಿದಾಡುವುದು, ತಪ್ಪು ಮಾಡಿದವನನ್ನು ಗಾಜಿನ ಗೂಡಿನಲ್ಲಿ ಕೂರಿಸುವುದು, ಎಲ್ಲ ಅವರಿಗೆ ಹಿಡಿಸಿತು. ಸ್ಟೇಷನ್ ರೋಡಿನ ಬಟ್ಟೆ ಅಂಗಡಿಯ ಈರಣ್ಣನವರಂತೂ ಪೂರಾ ಮರುಳಾದರು. ಬೆಳಗಾವಿ ಕಡೆಯವರು, ಸಣ್ಣ ಧ್ವನಿ ಎಂಬುದೇ ಗೊತ್ತಿಲ್ಲದವರು.

“ಅಕ್ಕಾರ, ಆ ಮಗ್ಗಲಿನಾಂವ ಏನ್ ಆಡಾಕತ್ತಾನ್ರೀ! ಅರೇ, ಪಾಸ್ ಕೊಡೋ, ಪಾಸ್ ಕೊಡೋ! ಬಿಲ್ಲೆ ಏನ್ ನಿಮ್ಮಪ್ಪಂದೇನು?” ಎಂದು ಅವರು ಮೇಜು ಗುದ್ದಿದರೆ ನಾಲ್ಕೂ ಮೇಜಿನ ಸಾಂಬಾರು ಅಲ್ಲಾಡುತ್ತಿತ್ತು.

ಬಿಲ್ಲೆ ಎಲ್ಲಿ ಹೋಗುತ್ತದೆಂದು ನಾನು ನೋಡಿದ್ದೇ ಇಲ್ಲ. ಆಟಗಾರರ ಬೆಂಚಿನ ಹಿಂದೆ ಒಂದು ಬಾಗಿಲಿದೆ, ನೀರಿನ ಬಾಟಲಿ ತುಂಬಿದ ಟ್ರೇ ಹಿಡಿದು ಸುಕೇಶ್ ಒಮ್ಮೊಮ್ಮೆ ಅಲ್ಲಿಂದ ಬರುತ್ತಾರೆ. ಕ್ಯಾಮೆರಾ ಆ ಕಡೆ ತಿರುಗಿದಾಗೆಲ್ಲ ಸೌಟು ಬಿಟ್ಟು ಓಡಿಬರುತ್ತಿದ್ದೆ. ಒಂದು ಮ್ಯಾಚಿನಲ್ಲಿ ಬರೀ ಮೊಣಕೈ ಕಂಡಿತು. ಮೊಣಕೈ ನೋಡಿದರೂ ಗೊತ್ತಾಗುತ್ತದೆ, ಗೊತ್ತಾಗದೆ ಏನು? ದಿನಾ ಫೋನಿನಲ್ಲಿ ಮುಖ ಕಾಣುತ್ತಿತ್ತು ನಿಜ, ಆದರೆ ಫೋನಿನಲ್ಲಿರುವ ಮುಖ ನನಗೆಂದು ಸಿದ್ಧ ಮಾಡಿಕೊಂಡ ಮುಖ. ನಾನು ನೋಡುತ್ತಿರುವುದು ತಿಳಿಯದೆ ಓಡಾಡುವ ಗಂಡನನ್ನು ನೋಡಬೇಕೆಂದು ನನಗೆ ಹಸಿವಿನಂಥ ಆಸೆ.

ಟೀಮಿನ ವ್ಯಾಪಾರದ ಕಥೆಯನ್ನೂ ಅವರೇ ಹೇಳಿದ್ದರು. ಊರು ಸಣ್ಣದು, ಚಳಿಗಾಲವಿಡೀ ಅರ್ಧ ಕುರ್ಚಿ ಖಾಲಿ, ಮರದ ವ್ಯಾಪಾರಿಯಾದ ಮಾಲಿಕನಿಗೆ ಪ್ರತಿವರ್ಷ ನಷ್ಟ. ಆಟಗಾರರ ಸಂಬಳ ಸೀಸನ್ನಿಗೆ ಮುಗಿಯುತ್ತದೆ, ಪ್ಲೇಆಫಿನ ಟಿಕೇಟಿನ ಹಣವೆಲ್ಲ ಮಾಲಿಕನದು. ಅದಕ್ಕೇ ತವರಿನಲ್ಲಿ ಆಡುವ ಒಂದೊಂದು ಮ್ಯಾಚೂ ಅವನಿಗೆ ಉಸಿರು. ದಕ್ಷಿಣದ ಯಾವುದೋ ದೊಡ್ಡ ನಗರದವರು ಟೀಮನ್ನು ಕೊಳ್ಳಲು ಕಾದು ಕೂತಿದ್ದರು. ಫೈನಲಿಗೆ ಹೋದರೆ ಮಾಲಿಕ ಮಾರುವುದಿಲ್ಲವೆಂದು ಮಾತು ಕೊಟ್ಟಿದ್ದ. ಮ್ಯಾನೇಜರನೂ ಸುಕೇಶರಿಗೆ ಒಂದು ಮಾತು ಕೊಟ್ಟಿದ್ದ: ಫೈನಲಾದರೆ ಕೆಲಸ ಕಾಯಂ, ಹೆಂಡತಿಯ ವೀಸಾಕ್ಕೂ ಕಾಗದ.

“ಬ್ರೆಡ್ ಮಾಡುವ ಮುದುಕಿ, ಸ್ಕೂಲ್ ಬಸ್ಸಿನ ಡ್ರೈವರ್, ಎಲ್ಲರೂ ನನ್ನ ಕೈ ಹಿಡಿದು ಕೇಳ್ತಾರೆ, ಇವತ್ತು ದೋಸೆ ಸರಿ ಬಂತಾ ಅಂತ,” ಎಂದು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ನನ್ನ ಗಂಡನ ಕೈ ಹಿಡಿಯುವ ಆ ಮುದುಕಿಯ ಮೇಲೂ ನನಗೆ ಹೊಟ್ಟೆಯುರಿಯಿತು.

ಆಗಲೇ ನಾನು ಹರಕೆ ಹೊತ್ತದ್ದು. ಹಳದಿ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ, ‘ಟೀಮು ಸೋತು ಇವರು ಮನೆಗೆ ಬಂದರೆ ನಿನಗೊಂದು ಹೂವಿನ ಪೂಜೆ’ ಎಂದು ಊರ ದೇವಿಗೆ ಕೈಮುಗಿದು, ಮುಡಿಪನ್ನು ದೇವರ ಗೂಡಿನಲ್ಲಿಡಲು ಹೋದರೆ ಅಲ್ಲಿ ಆಗಲೇ ಒಂದು ಹಳದಿ ಗಂಟಿತ್ತು. ಅತ್ತೆಯದು. ಟೀಮು ಗೆದ್ದರೆ ಹೂವಿನ ಪೂಜೆ ಎಂದು ಅವರು ವಾರದ ಹಿಂದೆಯೇ ಹೊತ್ತಿದ್ದರಂತೆ.

ಮರುದಿನ ದೀಪ ಹಚ್ಚುವಾಗ ಅತ್ತೆಗೆ ನನ್ನ ಗಂಟು ಕಂಡಿತು. “ಇದು ಯಾರದ್ದು ವಿನೋದಿನಿ? ನಿನ್ನದಾ?”

“ಹೌದು.”

“ಒಳ್ಳೆದಾಯ್ತು. ಒಂದೇ ಮನೆಯಿಂದ ಇಬ್ಬರು ಕೇಳಿದ್ರೆ ದೇವಿಗೆ ಇಲ್ಲ ಹೇಳ್ಲಿಕ್ಕೆ ಆಗುದಿಲ್ಲ ನೋಡು,” ಎಂದು ಎರಡೂ ಗಂಟುಗಳನ್ನು ಪಕ್ಕಪಕ್ಕಕ್ಕೆ ಸರಿಸಿ ಒಂದೇ ದಾಸವಾಳವನ್ನು ಎರಡರ ಮೇಲೂ ಇಟ್ಟರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಆಟಗಾರರ ಬೂಟು, ಬಾಗಿಲ ಪಟ್ಟಿ ನೋಡಿ ನಕ್ಕಿದ್ದೆನಲ್ಲ, ನಮ್ಮ ಮನೆಯದೇನು ಕಡಿಮೆಯೇ?

ಪ್ಲೇಆಫಿನಲ್ಲಿ ಒಂದು ಸುತ್ತೆಂದರೆ ಏಳು ಮ್ಯಾಚು, ನಾಲ್ಕು ಗೆದ್ದವರು ಮುಂದಕ್ಕೆ. ಮೊದಲ ಸುತ್ತಿನಲ್ಲಿ ಕೊಕ್ಕರೆಗಳು ಮೂರು ಗೆದ್ದು ಮೂರು ಸೋತವು. ಕೊನೆಯ ಮ್ಯಾಚು ನಿರ್ಣಯದ್ದು. ಅದರ ಹಿಂದಿನ ದಿನ, ತಿಂಡಿಯ ಗಲಾಟೆ ಇಳಿದ ಹೊತ್ತಿಗೆ ಸುಕೇಶರ ಫೋನು ಬಂತು. ಅಲ್ಲಿ ರಾತ್ರಿ, ಅಕ್ಕಿ ನೆನೆಹಾಕುವ ಸಮಯ. ಪ್ರತಿ ಮ್ಯಾಚಿಗೂ ಮೊದಲು ಅವರು ಹಿಟ್ಟಿನ ವಿಷಯ ನನ್ನ ಹತ್ತಿರ ಒಂದು ಮಾತು ಕೇಳುತ್ತಿದ್ದರು.

“ಹಳೆ ಅಕ್ಕಿ ಮುಗಿದಿದೆ ಮಾರಾಯ್ತಿ. ಅಂಗಡಿಯಲ್ಲಿ ಸಿಕ್ಕಿದ್ದು ಹೊಸ ಅಕ್ಕಿ, ಕೈಗೆ ಅಂಟುತ್ತದೆ. ನಾಳೆ ನೀರು ಎಷ್ಟು ಬಿಡಲಿ?”

ಹೊಸ ಅಕ್ಕಿಗೆ ನೀರು ಕಡಿಮೆ ಸಾಕು. ಹೆಚ್ಚಾದರೆ ದೋಸೆ ಕಾವಲಿ ಬಿಟ್ಟು ಏಳುವುದಿಲ್ಲ, ಎತ್ತಲು ಹೋದರೆ ಹರಿಯುತ್ತದೆ. ನಮ್ಮ ಕಡೆ ಮದುವೆಯ ವಯಸ್ಸಿಗೆ ಬಂದ ಹುಡುಗಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಹೊರಗೆ ನೋಡಿದೆ. ಏರ್‌ಪೋರ್ಟಿಗೆ ಇಳಿಯುತ್ತಿದ್ದ ವಿಮಾನವೊಂದು ಬಿಲ್ಡಿಂಗುಗಳ ತಲೆ ಸವರಿಕೊಂಡು ಹೋಯಿತು. ದಿನಕ್ಕೆಷ್ಟೋ ವಿಮಾನ ಇಳಿಯುತ್ತವೆ, ನನಗೆ ಬೇಕಾದವರು ಒಂದರಲ್ಲೂ ಇಲ್ಲ.

“ಯಾವಾಗಿನದಕ್ಕಿಂತ ಒಂದು ಪಾಲು ಹೆಚ್ಚೇ ಬಿಡಿ,” ಎಂದೆ.

“ಹೆಚ್ಚಾ?”

“ಹೌದು, ಹೆಚ್ಚು.”

“ಆಯ್ತು,” ಎಂದರು.

ಮರುದಿನ ಬೆಳಗ್ಗೆ ಮ್ಯಾಚಿಗೆ ಮೊದಲೇ ಅವರು ಕಳಿಸಿದ ಫೋಟೋ ಬಂತು. ತಟ್ಟೆಯ ತುಂಬ ಹರಿದ ದೋಸೆಯ ಚೂರು, ಒಂದೂ ಇಡಿಯಾಗಿರಲಿಲ್ಲ. ಗೋಲಿ ಒಂದು ಚೂರನ್ನು ಮೇಲೆತ್ತಿ ಹಿಡಿದು ನಗುತ್ತಿದ್ದ. ಇವತ್ತಿಗೆ ಮುಗಿಯಿತು, ನಾಳೆಯೇ ಟಿಕೇಟು ಎಂದುಕೊಂಡು ಅವರ ಅಂಗಿಗಳನ್ನು ಕಪಾಟಿನಿಂದ ತೆಗೆದು ಬಿಸಿಲಿಗೆ ಹರವಿ ಹೋಟೆಲಿಗೆ ಹೋದೆ.

ಕೊಕ್ಕರೆಗಳು ಗೆದ್ದವು. ಗೋಲಿಯ ಕಾಲಿಗೆ, ಭುಜಕ್ಕೆ, ಕೊನೆಗೆ ಮುಖವಾಡಕ್ಕೂ ಬಿಲ್ಲೆ ಬಡಿಯಿತು, ಒಳಗೆ ಮಾತ್ರ ಹೋಗಲಿಲ್ಲ. ಈರಣ್ಣನವರು ಕುರ್ಚಿಯ ಮೇಲೆ ಹತ್ತಿ ನಿಂತು, “ಮಂದಿಗೆಲ್ಲ ಶಿರಾ ಹಾಕ್ರಿ ಅಕ್ಕಾರ, ಇವತ್ತ ನಂದು!” ಎಂದರು. ಅತ್ತೆ ಗಲ್ಲೆಯಿಂದಲೇ ದೇವಿಗೆ ಕೈಮುಗಿದರು. ನಾನು ಒಳಗೆ ಹೋಗಿ ಖಾಲಿ ಕೊಪ್ಪರಿಗೆಯನ್ನು ನೆಲಕ್ಕೆ ಕುಕ್ಕಿದೆ, ಆ ಸದ್ದನ್ನೂ ಹೊರಗಿನವರು ಸಂಭ್ರಮ ಎಂದುಕೊಂಡರು.

ಸಂಜೆ ಅವರ ಫೋನು. “ಒಂದು ತಮಾಷೆ ಕೇಳು. ಇನ್ನು ಮುಂದೆ ಹರಿದ ದೋಸೆಯೇ ಆಗಬೇಕಂತೆ ಇವರಿಗೆ. ಇಡೀ ದೋಸೆ ತಟ್ಟೆಗೆ ಹಾಕಿದ್ರೆ ಹೊಡೀತಾರೆ ನನ್ನನ್ನು.”

ಹೀಗಾಗಿ ಎರಡನೆಯ ಸುತ್ತಿನ ಪ್ರತಿ ಮ್ಯಾಚಿಗೂ ನಾನೇ ಬಾಯಾರೆ ತಪ್ಪು ಅಳತೆ ಹೇಳಬೇಕಾಯಿತು. ದೇವಿಯ ಹತ್ತಿರ ಜಗಳವಾಡುವುದನ್ನೂ ಬಿಟ್ಟೆ. ಏಪ್ರಿಲ್ ಕಳೆದು ಮೇ ಬಂತು. ಸೆಕೆಗೆ ಅಡುಗೆಮನೆಯಲ್ಲಿ ನಿಲ್ಲಲಾಗುತ್ತಿರಲಿಲ್ಲ, ಟಿವಿಯ ಒಳಗೆ ಮಾತ್ರ ಹಿಮ. ರಾತ್ರಿ ಅವರ ದಿಂಬಿನ ಕವರು ಒಗೆದು ಹಾಕುವಾಗ ಅದು ಯಾರೂ ಮಲಗದೆಯೂ ಕೊಳೆಯಾಗುತ್ತದಲ್ಲ ಎಂದು ಅಳು ಬಂತು. ನನಗೆ ಅವರು ಬೇಕಿತ್ತು, ಅಷ್ಟೇ. ಫೈನಲು, ಕಾಯಂ ಕೆಲಸ, ವೀಸಾದ ಕಾಗದ, ಯಾವುದೂ ರಾತ್ರಿ ಪಕ್ಕದಲ್ಲಿ ಗೊರಕೆ ಹೊಡೆಯುವುದಿಲ್ಲ.

ಎರಡನೆಯ ಸುತ್ತೂ ಏಳನೆಯ ಮ್ಯಾಚಿಗೆ ಬಂದು ನಿಂತಿತು. ಗೆದ್ದರೆ ಫೈನಲು. ತವರಿನ ಮೈದಾನ, ಒಂದು ಕುರ್ಚಿಯೂ ಖಾಲಿಯಿರಲಿಲ್ಲ. ಆಟ ಸಮವಾಗಿ, ಹೆಚ್ಚಿನ ಸಮಯಕ್ಕೆ ಹೋಯಿತು, ಅದರಲ್ಲಿ ಮೊದಲ ಗೋಲು ಹೊಡೆದವರೇ ಗೆದ್ದಂತೆ. ನಮ್ಮ ಹೋಟೆಲಿನಲ್ಲಿ ಯಾರೂ ಚಹಾ ಕೂಡ ಕೇಳಲಿಲ್ಲ. ಎದುರಾಳಿ ಹೊಡೆದ ಬಿಲ್ಲೆ ಗೋಲಿನ ಕಡೆಗೆ ಬರುತ್ತಲೇ ಇರಲಿಲ್ಲ, ಪಕ್ಕಕ್ಕೆ ಹೋಗುತ್ತಿತ್ತು. ಕೊಕ್ಕರೆಗಳಲ್ಲೇ ಒಬ್ಬ ತಡೆಯಲೆಂದು ಕೋಲು ಚಾಚಿದ. ಕೋಲಿಗೆ ತಾಗಿದ ಬಿಲ್ಲೆ ತಿರುಗಿ ತಮ್ಮದೇ ಗೋಲಿನೊಳಗೆ ಹೋಯಿತು.

ಎದುರು ಟೀಮಿನವರು ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ಊರಿನವರು ಮನೆಗೆ ಹೋಗದೆ ಸುಮ್ಮನೆ ನಿಂತೇ ಇದ್ದರು. ಕೋಲು ಚಾಚಿದ ಹುಡುಗ ಹಿಮದ ಮೇಲೆ ಮಂಡಿಯೂರಿ ಕೂತಿದ್ದ. ಆಗ ಬೆಂಚಿನ ಹಿಂದಿನ ಬಾಗಿಲಿನಿಂದ ಸುಕೇಶ್ ಬಂದರು. ಏಪ್ರನ್ ಕಟ್ಟಿಕೊಂಡು, ಚಪ್ಪಟೆ ಬೂಟಿನಲ್ಲಿ ಜಾರುತ್ತ, ಬೀಳುತ್ತ, ಆ ಹುಡುಗನ ಹತ್ತಿರ ಹೋಗಿ ಪಕ್ಕದಲ್ಲೇ ಕೂತು ಅವನ ಬೆನ್ನಿನ ಮೇಲೆ ಕೈಯಿಟ್ಟರು. ಕ್ಯಾಮೆರಾ ಅವರ ಬೆನ್ನಿನ ಮೇಲೆಯೇ ನಿಂತಿತು, ಮುಖ ಕಾಣಲಿಲ್ಲ. ಭುಜ ಅದುರುವುದರಲ್ಲೇ ಗೊತ್ತಾಯಿತು, ಅವರು ಅಳುತ್ತಿದ್ದರು. ಎರಡು ವರ್ಷದಲ್ಲಿ ಮೊದಲ ಸಲ ಅವರನ್ನು ಅವರಿಗೆ ತಿಳಿಯದಂತೆ ಕಣ್ತುಂಬ ನೋಡಿದೆ. ಮದುವೆಯಾದಂದಿನಿಂದ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ, ನನ್ನನ್ನು ಬಿಟ್ಟು ಹೋದ ದಿನವೂ ಇಲ್ಲ.

“ಹೋಗ್ಲಿ ಬಿಡ್ರಿ,” ಎಂದು ಈರಣ್ಣನವರು ಮೊದಲ ಬಾರಿಗೆ ಮೆಲ್ಲಗೆ ಮಾತಾಡಿ, ತಟ್ಟೆಯಲ್ಲಿದ್ದುದನ್ನು ಹಾಗೇ ಬಿಟ್ಟು ಎದ್ದರು. ಅತ್ತೆ ಟಿವಿ ಆರಿಸಿದರು. ನನಗೆ ಸಂತೋಷವಾಯಿತು. ಸುಳ್ಳು ಹೇಳಿ ಏನು ಮಾಡಲಿ, ಆಯಿತು. ಆದರೆ ಅವರ ಆ ಅಳು ಸಂತೋಷದ ಪಕ್ಕದಲ್ಲೇ ಬಂದು ಕೂತಿತು, ಎದ್ದು ಹೋಗಲಿಲ್ಲ.

ಟೀಮು ಮಾರಾಟವಾದ ಸುದ್ದಿ ಬಂದ ವಾರದಲ್ಲಿ ಸುಕೇಶ್ ಬಂದಿಳಿದರು. ಏರ್‌ಪೋರ್ಟಿನ ಬಾಗಿಲಲ್ಲಿ ನಾನು ಅವರನ್ನು ದಾಟಿ ಹಿಂದಿನವರನ್ನು ನೋಡುತ್ತಿದ್ದೆ. ಮುಖ ಮುಚ್ಚುವಷ್ಟು ಗಡ್ಡ ಬಂದಿತ್ತು. “ಏ, ನಾನೇ,” ಎಂದಾಗಲೇ ಗೊತ್ತಾದದ್ದು. ಫೋನಿನಲ್ಲಿ ಕೆಲವು ವಾರಗಳಿಂದ ಬರೀ ಧ್ವನಿ, ನೆಟ್‌ವರ್ಕ್ ಇಲ್ಲವೆಂಬ ನೆವ. ಅತ್ತೆ ಗಡ್ಡ ಹಿಡಿದೆಳೆದು ನೋಡಿ, ಬೈದು, ಅತ್ತು, ಮತ್ತೆ ಬೈದರು.

ಮರುದಿನ ಬೆಳಗ್ಗೆ ಅತ್ತೆ ಹೋಟೆಲಿಗೆ ಹೋದ ಮೇಲೆ ಅವರು ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಕೂತು ಬ್ಲೇಡು, ಸೋಪು ನನ್ನ ಕೈಗೆ ಕೊಟ್ಟರು. ಪ್ಲೇಆಫ್ ನಡೆಯುವಷ್ಟು ದಿನ ಟೀಮಿನಲ್ಲಿ ಯಾರೂ ಗಡ್ಡ ಮುಟ್ಟುವುದಿಲ್ಲವಂತೆ. ಸೋತ ರಾತ್ರಿ ಎಲ್ಲರೂ ಸಾಲಾಗಿ ನಿಂತು ಬೋಳಿಸಿಕೊಂಡರಂತೆ. ಇವರಿಗೂ ಮಿಷನ್ನು ಚಾಚಿದರು, ಇವರು ಬೇಡವೆಂದರು.

“ನೀನೇ ತೆಗಿ,” ಎಂದರು.

ನಾನು ಸೋಪು ಹಚ್ಚಿ ಎಡಗೆನ್ನೆಯಿಂದ ಶುರು ಮಾಡಿದೆ. ಅಷ್ಟು ಹತ್ತಿರದಲ್ಲಿ ಅವರ ಉಸಿರು ನನ್ನ ಕೈಗೆ ಬಡಿಯುತ್ತಿತ್ತು.

“ಹೊಸ ಅಕ್ಕಿಗೆ ಎಷ್ಟು ನೀರು ಅಂತ ನನಗೆ ಗೊತ್ತಿಲ್ವಾ?” ಎಂದರು ಕಣ್ಣು ಮುಚ್ಚಿಕೊಂಡೇ. “ಹೋಟೆಲಲ್ಲಿ ಹುಟ್ಟಿದವ ನಾನು.”

ನನ್ನ ಕೈ ನಿಂತಿತು. “ಮತ್ತೆ ಯಾಕೆ ಕೇಳ್ತಿದ್ರಿ?”

“ನಿನ್ನ ಹತ್ತಿರ ಮಾತಾಡ್ಲಿಕ್ಕೆ ಮತ್ತೆಂಥ ನೆವ ಇತ್ತು? ಊಟ ಆಯ್ತಾ, ಸೆಕೆ ಉಂಟಾ, ಅದೆಲ್ಲ ಎಷ್ಟು ಸಲ ಕೇಳುದು?”

“ತಪ್ಪು ಅಂತ ಗೊತ್ತಿದ್ದೂ ಅಷ್ಟೇ ನೀರು ಬಿಟ್ರಾ?”

“ನೀನು ಅಷ್ಟು ಕರೀತಾ ಇದ್ದಿ. ಬಿಡದೆ ಎಂಥ ಮಾಡುದು? ಬಿಟ್ಟೆ. ಆದ್ರೂ ಗೆದ್ರು ಕತ್ತೆಗಳು. ಅವತ್ತು ಗೆದ್ದಾಗ ಕುಣಿದೆ ನಾನು, ಅದೂ ನಿಜ. ಸೋತಾಗ ಅತ್ತದ್ದೂ ನಿಜ.”

ಬ್ಲೇಡು ತೊಳೆದು ಗಲ್ಲದವರೆಗೆ ಬಂದೆ. ಅರ್ಧ ಮುಖದಲ್ಲಿ ನನ್ನ ಗಂಡ ಕಾಣತೊಡಗಿದ್ದರು, ಮೊದಲಿಗಿಂತ ಕೃಶವಾಗಿ.

“ಹೊಸ ಮಾಲಿಕನ ಕಡೆಯಿಂದ ಫೋನ್ ಬಂದಿತ್ತು,” ಎಂದರು. “ಗೋಲಿ ಹಟ ಹಿಡಿದಿದ್ದಾನಂತೆ. ಸೆಪ್ಟೆಂಬರಿಗೆ ಬರ್ತೀಯಾ ಕೇಳಿದ್ರು.”

“ವೀಸಾ?”

“ಒಬ್ಬನಿಗೇ. ಸದ್ಯಕ್ಕೆ.”

ಹೊರಗೆ ಸಬ್ಜಿಯವನು ಕೂಗಿಕೊಂಡು ಹೋದ. ಅವನ ಕೂಗು ಗಲ್ಲಿಯ ತುದಿ ಮುಟ್ಟುವವರೆಗೆ ನಾನು ಕಾದೆ. “ನೀವೇನು ಹೇಳಿದ್ರಿ?”

“ಗಡ್ಡ ತೆಗೆಯುವ ತನಕ ಮುಂದಿನ ಸೀಸನ್ನಿನ ಮಾತು ಯಾರೂ ಆಡುದಿಲ್ಲ ಅಲ್ಲಿ. ಗಡ್ಡ ತೆಗೆದ ಮೇಲೆ ಹೇಳ್ತೇನೆ ಅಂದೆ.”

ಬಲಗೆನ್ನೆಯ ಮೇಲೆ ಸೋಪಿನ ನೊರೆ ಒಣಗುತ್ತಿತ್ತು. ನಾನು ಬ್ಲೇಡನ್ನು ತೊಳೆದೆ, ಒರೆಸಿದೆ, ಕಾಗದದಲ್ಲಿ ಸುತ್ತಿ ಕಪಾಟಿನ ಮೇಲಿನ ಖಾನೆಯಲ್ಲಿಟ್ಟೆ. ಟವೆಲಿನಿಂದ ಅವರ ಮುಖದ ನೊರೆ ಒರೆಸಿದೆ.

“ಅರೇ, ಈ ಕಡೆ?” ಎಂದರು ಉಳಿದ ಗಡ್ಡ ಮುಟ್ಟಿಕೊಂಡು.

“ಅದು ಇವತ್ತು ಬೇಡ.”

“ಅರ್ಧ ಗಡ್ಡದಲ್ಲಿ ಹೊರಗೆ ಹೇಗೆ ಹೋಗಲಿ ಮಾರಾಯ್ತಿ?”

“ಹೋಗಬೇಡಿ,” ಎಂದೆ.